ಒಂದು ಡಬ್ಬಿ ಹಳದಿ

"ಅಕ್ಕಾ, ಭಾನುವಾರಕ್ಕೆ ನಂಗೊಂದು ಡಬ್ಬಿ ಹಳದಿ ಬಣ್ಣದ ಪುಡಿ ಬೇಕೇ ಬೇಕು. ನೀನು ಅರೆದಷ್ಟು ನುಣ್ಣಗಿರೋದು ಎಲ್ಲೂ ಸಿಗಲ್ಲ," ಎಂದಳು ತಂಗಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು.

ಅಕ್ಕ ಗಾಜಿನ ಹಲಗೆಯ ಮೇಲೆ ನೀಲಿ ಅರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಯಾತಕ್ಕೆ?"

"ಕಲಾಭವನದಲ್ಲಿ ನಂದೊಂದು ಪ್ರಾತ್ಯಕ್ಷಿಕೆ ಇಟ್ಟಿದಾರೆ. ಎಂಬತ್ತು ಜನ ಬರ್ತಾರಂತೆ. ಪುಟದ ಮೇಲೆ ಪುಡಿ ಉದುರಿಸಿ ನೀರು ಸಿಂಪಡಿಸಿದ್ರೆ ಬಣ್ಣ ತಾನಾಗೇ ಹರಡ್ಕೊಂಡು ಹೋಗುತ್ತಲ್ಲ, ಅದನ್ನ ತೋರಿಸ್ತೀನಿ. ನಿಂಗೆ ಭಾನುವಾರಾನೂ ಅಂಗಡಿ. ಇಲ್ದಿದ್ರೆ ನಿನ್ನೂ ಕರೀತಿದ್ದೆ."

"ಅದಕ್ಕೇನು ಬಿಡು. ಗುರುವಾರ ಬಂದು ತಗೊಂಡು ಹೋಗು."

ತಂಗಿ ಗೆಲುವಾಗಿ ಹೋದಳು. ಅಕ್ಕ ಆಮೇಲೂ ಅರೆಯುತ್ತಲೇ ಇದ್ದಳು, ಅರೆಯಬೇಕಾದ್ದಕ್ಕಿಂತ ಜೋರಾಗಿ.

ಗೋಡೆಗೆ ಬಳಿಯುವ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅಂಗಡಿಯವರು ಪುಡಿಯಕ್ಕ ಎಂದೇ ಕರೆಯುತ್ತಿದ್ದರು. ಮನೆಗೆ ಬಂದರೂ ಪುಡಿಯ ಗೀಳು ಬಿಡುತ್ತಿರಲಿಲ್ಲ. ಇಟ್ಟಿಗೆ ಚೂರು, ತುಕ್ಕು, ಇದ್ದಿಲು, ಮೊಟ್ಟೆಯ ಚಿಪ್ಪು, ಕೈಗೆ ಸಿಕ್ಕಿದ್ದನ್ನೆಲ್ಲ ಅರೆದು, ಗೋಂದು ಬೆರೆಸಿ, ದಪ್ಪ ಪುಸ್ತಕದ ಪುಟಗಳಿಗೆ ಹಚ್ಚುವಳು. ಪಕ್ಕದಲ್ಲಿ ಒಂದು ಬಟ್ಟೆ ಚೂರನ್ನೋ ಹರಿದ ಬಸ್ ಟಿಕೆಟನ್ನೋ ಅಂಟಿಸಿ, ಬಣ್ಣದ ಅಳತೆಯನ್ನೂ ಆ ದಿನದ ಸುಖದುಃಖವನ್ನೂ ಎರಡು ಸಾಲಿನಲ್ಲಿ ಗೀಚುವಳು. ದಿನಚರಿ ಎನ್ನಿ, ಚಿತ್ರ ಎನ್ನಿ, ಯಾರಿಗೂ ತೋರಿಸಲಿಕ್ಕಂತೂ ಅಲ್ಲ. ಅಂಥ ಹನ್ನೊಂದು ಪುಸ್ತಕಗಳಿದ್ದವು. ಈಗ ಉಳಿದಿದ್ದದ್ದು ಹತ್ತೇ.

ಹನ್ನೊಂದನೆಯದನ್ನು ಎರಡು ವರ್ಷದ ಹಿಂದೆ ತಂಗಿ ನೋಡಿ ಕೊಡುತ್ತೇನೆಂದು ಒಯ್ದವಳು, ಬಸ್ಸಿನಲ್ಲಿ ಬಿಟ್ಟುಬಿಟ್ಟೆ ಎಂದು ಅಳುತ್ತ ಬಂದಿದ್ದಳು. ಅಕ್ಕನೇ ಅವಳ ಬೆನ್ನು ಸವರಿ ಸಮಾಧಾನ ಹೇಳಿ, ಅವಳು ಹೋದ ಮೇಲೆ ತಾನು ಅತ್ತಿದ್ದಳು. ಅದರಲ್ಲಿ ಅಮ್ಮನ ಪುಟವಿತ್ತು. "ಮಣ್ಣು ಅರೀತಾ ಕೂತ್ರೆ ಹೊಟ್ಟೆ ತುಂಬುತ್ತಾ?" ಎಂದು ಜೀವಮಾನವಿಡೀ ಬೈದಿದ್ದ ಅಮ್ಮ, ಆಸ್ಪತ್ರೆಯ ಮಂಚದ ಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ನೀಲಿಗೆ ಬೆರಳದ್ದಿ, ಪುಟದ ಉದ್ದಕ್ಕೂ ಒಂದು ಸೊಟ್ಟ ಗೆರೆ ಎಳೆದು, "ಇಷ್ಟೇನಾ ಇದು?" ಎಂದು ನಕ್ಕಿದ್ದಳು. ಮುಂದಿನ ವಾರ ಅಮ್ಮ ಇರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನದಲ್ಲಿ ಒಂದು ದಿನವೂ ಟೀಚರಾಗಿದ್ದ ತಂಗಿಗೆ ಶಾಲೆಯಿಂದ ರಜೆ ಸಿಕ್ಕಿರಲಿಲ್ಲ.

ಸುಳ್ಳು ಬಯಲಾದದ್ದು ಕಳೆದ ತಿಂಗಳು. ತಂಗಿ ಈಗ ವಾರಕ್ಕೆರಡು ದಿನ ಪುಟಕ್ಕೆ ಬಣ್ಣ ಹಚ್ಚುವ ಇದೇ ವಿದ್ಯೆಯನ್ನು ಹೇಳಿಕೊಡುವ ದೊಡ್ಡ ಮೇಡಂ. ಅವಳ ತರಗತಿಯ ಹೆಂಗಸೊಬ್ಬಳು ಬಣ್ಣದಂಗಡಿಗೆ ಬಂದು ಒಂದು ಕರಪತ್ರ ಚಾಚಿದಳು. "ಮೇಡಂ ಕೊಟ್ಟ ಅಳತೇಲೇ ಗೋಂದು ಮಾಡ್ದೆ ಕಣ್ರೀ. ಪುಟ ಒಣಗೋದೇ ಇಲ್ಲ. ಇರುವೆ ಮುತ್ಕೊಳ್ತಾವೆ." ಅಕ್ಕ ಓದಿದಳು. ಒಂದು ಬಟ್ಟಲು ಗೋಂದಿಗೆ ಹನ್ನೆರಡು ಹನಿ ಜೇನು, ಎಂದಿತ್ತು. ಹಾಕಬೇಕಾದದ್ದು ಎರಡೇ ಹನಿ. ಹನ್ನೆರಡು ಎಂದು ಅಕ್ಕ ತಪ್ಪಾಗಿ ಬರೆದದ್ದು ಒಂದೇ ಸಲ, ಆಸ್ಪತ್ರೆಯ ಕುರ್ಚಿಯಲ್ಲಿ ತೂಕಡಿಸುತ್ತ, ಆ ಹನ್ನೊಂದನೆಯ ಪುಸ್ತಕದಲ್ಲಿ.

ಹೋಗಿ ಜಗಳ ಆಡಬಹುದಿತ್ತು. ಆಡಿದರೆ ತಂಗಿ ಮತ್ತೆ ಅಳುತ್ತಾಳೆ, ಮತ್ತೆ ಅಕ್ಕನೇ ಬೆನ್ನು ಸವರಬೇಕು. ಅದು ಬೇಡವಾಗಿತ್ತು. ಪುಸ್ತಕದ ಕಥೆ ಆಮೇಲಾಯಿತು, ಮೊದಲು ಅವಳ ಮರ್ಯಾದೆ ಹೋಗಬೇಕು, ಅದೂ ನಾಲ್ಕು ಜನರೆದುರು. ಒಂದು ತಿಂಗಳಿಂದ ಅಕ್ಕ ಈ ಆಸೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದಳು, ಮಲಗಿದ್ದಳು. ಈಗ ಅವಳೇ ಬಂದು ಡಬ್ಬಿ ಕೇಳಿದ್ದಳು.

ಕಪಾಟಿನ ಮೂಲೆಯಲ್ಲಿ ಅನ್ನಭೇದಿಯ ಶೀಸೆಯಿತ್ತು. ಹಿಂದೆ ಶಾಯಿ ಮಾಡುವವರು ಬಳಸುತ್ತಿದ್ದ ಕಬ್ಬಿಣದ ಉಪ್ಪು ಅದು. ಹೊಸದಾಗಿದ್ದಾಗ ತಿಳಿಹಸಿರು, ಗಾಳಿ ತಾಗಿ ಹಳತಾದರೆ ಹಳದಿ. ಹಳದಿ ಮಣ್ಣಿನೊಡನೆ ಅರೆದುಬಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗದು. ಆದರೆ ಚಹಾದ ಡಿಕಾಕ್ಷನ್ ಬಳಿದ ಕಾಗದದ ಮೇಲೆ ಉದುರಿಸಿ ನೀರು ತಾಗಿಸಿದರೆ ಮಸಿಯಂತೆ ಕಪ್ಪಾಗುತ್ತದೆ, ತೊಳೆದರೂ ಹೋಗುವುದಿಲ್ಲ. ಪ್ರತಿ ಪುಟಕ್ಕೂ ಮೊದಲು ಚಹಾ ಬಳಿಯುವುದು ಅಕ್ಕನ ಪದ್ಧತಿ. ಕದ್ದವಳೂ ಅದನ್ನೇ ಪಾಲಿಸುತ್ತಿದ್ದಳು. ಹೊಸ ಪುಡಿಯನ್ನು ಮೊದಲು ಚೂರು ಕಾಗದದ ಮೇಲೆ ಹಚ್ಚಿ ನೋಡುವುದೂ ಅಕ್ಕನ ಪದ್ಧತಿಯೇ. ಅದನ್ನು ಮಾತ್ರ ತಂಗಿ ಕಲಿತಿರಲಿಲ್ಲ. ಅಕ್ಕ ಕೊಟ್ಟದ್ದನ್ನು ಪರೀಕ್ಷೆ ಮಾಡುವುದೇನು?

ಅಕ್ಕ ಎರಡನ್ನೂ ಸೇರಿಸಿ ಅರೆದು, ಚಹಾ ಬಳಿದ ಚೂರುಗಳ ಮೇಲೆ ಮೂರು ಸಲ ಹಚ್ಚಿ ನೋಡಿದಳು. ಏಳು ಎಣಿಸುವಷ್ಟರಲ್ಲಿ ಹಳದಿ ಹೋಗಿ ಕಪ್ಪು ಬಂತು. ಬಹಳ ದಿನಗಳ ಮೇಲೆ ಆ ರಾತ್ರಿ ಒಳ್ಳೆಯ ನಿದ್ದೆಯೂ ಬಂತು.

ಗುರುವಾರ ತಂಗಿ ಡಬ್ಬಿಯನ್ನು ಎದೆಗವಚಿಕೊಂಡಳು. "ನೀನಿಲ್ದಿದ್ರೆ ನನ್ನ ಗತಿ ಏನಕ್ಕಾ."

"ಜೋಪಾನ, ಚೆಲ್ಲಬೇಡ," ಎಂದಳು ಅಕ್ಕ.

ಭಾನುವಾರ ಅಂಗಡಿಗೆ ತಲೆನೋವೆಂದು ಹೇಳಿ ಕಲಾಭವನಕ್ಕೆ ಹೋದಳು. ಕೊನೆಯ ಸಾಲಿನಲ್ಲಿ, ಕಂಬದ ಮರೆಗೆ ಕುರ್ಚಿ ಎಳೆದುಕೊಂಡು ಕೂತಳು. ವೇದಿಕೆಯ ಮೇಜಿನ ಮೇಲೆ ಕ್ಯಾಮೆರಾ ಕಟ್ಟಿದ್ದರು. ಅಲ್ಲಿ ನಡೆದದ್ದೆಲ್ಲ ಹಿಂದಿನ ದೊಡ್ಡ ಪರದೆಯಲ್ಲಿ ಕಾಣುತ್ತಿತ್ತು. ತಂಗಿ ಒಳ್ಳೆಯ ಸೀರೆ ಉಟ್ಟಿದ್ದಳು. ಮಾತೂ ಚೆನ್ನಾಗಿಯೇ ಆಡಿದಳು, ಅದಕ್ಕೇನು ಬರವಿರಲಿಲ್ಲ. ಮಾತು ಮುಗಿಸಿ ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ಬೆನ್ನಿಗೆ ಕೆಂಪು ದಾರದ ಹೊಲಿಗೆ. ಅದನ್ನು ಹೊಲಿದವಳಿಗೆ ಗುರುತು ಸಿಗದೆ ಇರುತ್ತದೆಯೇ?

ಹೊಸ ಹಾಳೆಯ ಮೇಲೆ ಮಾಡುತ್ತಾಳೆ ಎಂದುಕೊಂಡಿದ್ದಳು ಅಕ್ಕ. ಕದ್ದ ಮಾಲನ್ನು ಯಾರಾದರೂ ಎಂಬತ್ತು ಜನರೆದುರು ಬಿಚ್ಚುತ್ತಾರೆಯೇ ಎಂದುಕೊಂಡಿದ್ದಳು. ತಂಗಿ ಬಿಚ್ಚಿದಳು. ಅಮ್ಮನ ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಒಂದಾಳುದ್ದ ಚಾಚಿಕೊಂಡಿತು. ಬೆರಳು ಅದುರಿದ ಕಡೆ ನೀಲಿ ಕದಡಿದ್ದು ಕೂಡ ಕಾಣುತ್ತಿತ್ತು.

"ಇದು ನಮ್ಮಮ್ಮ ಎಳೆದ ಗೆರೆ," ಎಂದಳು ತಂಗಿ. "ಕೊನೇ ದಿನಗಳಲ್ಲಿ ನಾನು ಪಕ್ಕದಲ್ಲೇ ಇರ್ತಿದ್ದೆ. ನನ್ನ ಕೈ ಹಿಡ್ಕೊಂಡು ಎಳೆದದ್ದು. ಅಪೂರ್ಣವಾಗಿದೆ ಅಂತ ಯಾವಾಗ್ಲೂ ಅನ್ನಿಸ್ತಿತ್ತು. ಇವತ್ತು ನಿಮ್ಮೆದುರಿಗೆ ಪೂರ್ತಿ ಮಾಡ್ತೀನಿ."

ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ತಂಗಿ ಡಬ್ಬಿಯ ಮುಚ್ಚಳ ತೆಗೆದು, ಚಿಟಿಕೆ ಚಿಟಿಕೆಯಾಗಿ ಗೆರೆಯ ಮೇಲೂ ಕೆಳಗೂ ಪುಡಿ ಉದುರಿಸಿದಳು. ನುಣ್ಣನೆಯ, ಚಂದದ ಹಳದಿ.

ಆಗಲೂ ಹೊತ್ತು ಮೀರಿರಲಿಲ್ಲ. ಪುಡಿ ಒಣಗಿರುವವರೆಗೆ ಏನೂ ಆಗುವುದಿಲ್ಲ, ಪುಸ್ತಕ ಬಗ್ಗಿಸಿ ಕೊಡವಿದರೆ ಸಾಕು. ನೀರು ಹಾಕಬೇಡ ಎಂದು ಒಂದು ಮಾತು ಕೂಗಿದ್ದರೆ ಆಗುತ್ತಿತ್ತು. ಅಕ್ಕ ಬಾಯಿ ತೆರೆದಳು ಕೂಡ. ಆದರೆ "ನನ್ನ ಕೈ ಹಿಡ್ಕೊಂಡು" ಎಂದಳಲ್ಲ, ಆ ಸುಳ್ಳು ನೆನಪಾಯಿತು. ಅವಳ ಮುಖ ಕಪ್ಪಿಡುವುದನ್ನು ಒಮ್ಮೆ ನೋಡಿಬಿಡಬೇಕು ಎನ್ನಿಸಿತು. ಬಾಯಿ ಮುಚ್ಚಿದಳು. ತಂಗಿ ನೀರು ಸಿಂಪಡಿಸಿದಳು.

ಮೂರು ಎಣಿಸುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು. ಏಳಕ್ಕೆ ಗೆರೆ ಇರಲಿಲ್ಲ. ಕಪ್ಪು ಅಂಚಿನಿಂದ ನುಗ್ಗಿ, ನೀಲಿಯನ್ನು ನುಂಗಿ, ಪುಟದ ಹೊಲಿಗೆಯವರೆಗೂ ಇಳಿಯಿತು.

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ನಿಧಾನವಾಗಿ ತಲೆಯೆತ್ತಿದಳು. "ಅಮ್ಮ ಹೋದಾಗ ನಂಗೆ ಹೀಗೇ ಆಗಿದ್ದು," ಎಂದಳು.

ಎಂಬತ್ತು ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲೇ ನಿಂತಿದ್ದವಳು ಅಕ್ಕನೊಬ್ಬಳೇ.

ಜನ ಕರಗಿದ ಮೇಲೆ ಅಕ್ಕ ಮೇಜಿನ ಬಳಿ ಹೋದಳು. ಅವಳನ್ನು ಕಂಡದ್ದೇ ತಂಗಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ದಿನ ಅಕ್ಕ ಕಾದಿದ್ದು ಈ ಮುಖಕ್ಕೇ. ನೋಡಿದಳು, ಆದರೆ ನೋಡಿ ಏನೂ ಅನ್ನಿಸಲಿಲ್ಲ.

"ಬಸ್ಸಲ್ಲಿ ಸಿಕ್ತಾ ಪುಸ್ತಕ?"

"ಡಬ್ಬಿಗೆ ಏನು ಹಾಕಿದ್ದೆ ಅಕ್ಕಾ?"

ಅಷ್ಟರಲ್ಲಿ ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡವನೊಬ್ಬ ಬಂದ. "ಮೇಡಂ, ಇವರು ನಿಮ್ಮ ಅಕ್ಕನಾ? ಅದೇ ಮೂಗು. ಇಬ್ಬರೂ ಪುಟ ಹಿಡ್ಕೊಳಿ, ಒಂದು ಫೋಟೊ."

ಅಕ್ಕ ಒಂದು ಅಂಚು ಹಿಡಿದಳು, ತಂಗಿ ಇನ್ನೊಂದು. ಕಾಗದ ಇನ್ನೂ ಒದ್ದೆಯಿತ್ತು. ಎಳೆದರೆ ಹರಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಭುಜಕ್ಕೆ ಭುಜ ತಾಗಿಸಿ ನಿಂತರು.

"ಸ್ವಲ್ಪ ನಗಿ," ಎಂದ ಅವನು.