ಕಿನ್‌ಬರಿ ಲೇತಿನ ಸವೆತ

ಕಳಸದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಓಂಕಾರಮೂರ್ತಿಯವರ ವರ್ಕ್‌ಶಾಪಿನಲ್ಲಿ ಇದ್ದದ್ದು ಒಂದೇ ಲೇತ್. ಲೋಹದ ಸರಳನ್ನು ತಿರುಗಿಸಿ ಕಡೆಯುವ ಆ ಯಂತ್ರ ಕೆನಡಾದಲ್ಲಿ ತಯಾರಾದದ್ದು. ಕುದುರೆಮುಖದಲ್ಲಿ ಗಣಿ ನಿಂತು ಟೌನ್‌ಶಿಪ್ ಖಾಲಿಯಾದಾಗ, ಅಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಅವರು ತಾವು ಇಪ್ಪತ್ತು ವರ್ಷ ದುಡಿದ ಅದೇ ಯಂತ್ರವನ್ನು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿಂದ ಕೊಂಡು ಲಾರಿಯಲ್ಲಿ ತಂದಿಳಿಸಿದ್ದರು. ಅದರ ಮೈಮೇಲೆ ‘ಕಿನ್‌ಬರಿ ಅಂಡ್ ಸನ್ಸ್, ಒಂಟಾರಿಯೊ’ ಎಂಬ ಅಕ್ಷರಗಳು ಎರಕದಲ್ಲೇ ಉಬ್ಬಿ ನಿಂತಿದ್ದವು.

ಸುತ್ತಲಿನ ಎಸ್ಟೇಟುಗಳಿಗೆ ಅವರು ಮುಖ್ಯವಾಗಿ ಮಾಡಿಕೊಡುತ್ತಿದ್ದುದು ಪಲ್ಪರಿನ ಶಾಫ್ಟುಗಳನ್ನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರದ ಶಾಫ್ಟ್ ಕೊಯ್ಲಿನ ಕಾಲದಲ್ಲಿ ಮುರಿದರೆ, ಕೊಯ್ದ ಹಣ್ಣು ರಾಶಿಯಲ್ಲೇ ಬೆಚ್ಚಗಾಗಿ ಹುಳಿಯತೊಡಗುತ್ತದೆ. ಬೆಳಿಗ್ಗೆ ಕೊಟ್ಟ ಶಾಫ್ಟು ಸಂಜೆಯೊಳಗೆ ಸಿದ್ಧವಾಗಬೇಕು, ಬೇರಿಂಗು ಅದರ ಮೇಲೆ ಬಿಗಿಯಾಗಿ ಕೂರಬೇಕು. ಓಂಕಾರಮೂರ್ತಿಯವರು ಮಾಡಿದ ಶಾಫ್ಟನ್ನು ಯಾರೂ ಅಳತೆ ಮಾಡಿ ನೋಡುತ್ತಿರಲಿಲ್ಲ.

ಅಳತೆ ಮಾಡಿದವಳು ಅವರ ಮಗಳು ಧನ್ಯಶ್ರೀ. ಭೌತವಿಜ್ಞಾನದ ಪದವೀಧರೆಯಾದ ಅವಳು ಮೂಡಿಗೆರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು, ಶನಿವಾರ ಮನೆಗೆ ಬರುತ್ತಿದ್ದಳು. ತಂದೆಯಿಂದ ಲೇತಿನ ಕೆಲಸ ಕಲಿಯತೊಡಗಿದಾಗ ಅವಳಿಗೊಂದು ದೋಷ ಕಾಣಿಸಿತು. ಅವಳು ಕಡೆದ ಸರಳುಗಳೆಲ್ಲ ಚಕ್ಕಿನ ಕಡೆಯ ತುದಿಯಲ್ಲಿ, ಅಂದರೆ ಯಂತ್ರವು ಸರಳನ್ನು ಕಚ್ಚಿ ಹಿಡಿಯುವ ಬದಿಯಲ್ಲಿ, ಕೂದಲೆಳೆಯಷ್ಟು ದಪ್ಪ ಬರುತ್ತಿದ್ದವು.

“ಬೆಡ್ಡೇ ಸವೆದಿದೆ ಅಪ್ಪ. ಟೂಲು ಆ ಕಡೆ ಹೋಗ್ತಾ ಹಿಂದಕ್ಕೆ ಜರಗ್ತದೆ.”

“ಸವೆದ್ರೆ ನನ್ನದು ಹೆಂಗೆ ಸರಿ ಬರ್ತದೆ? ಲೇತಿಗೆ ಎಂತ ಆಗಿಲ್ಲ. ನಿನ್ನ ಕೈ ಇನ್ನೂ ಹಸಿ, ಅಷ್ಟೆ.”

ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜ್ ಇಟ್ಟು ಅವಳು ಪರೀಕ್ಷಿಸಿದಾಗ ಬೆಡ್, ಅಂದರೆ ಸರಳನ್ನು ಕಡೆಯುವ ಟೂಲನ್ನು ಹೊತ್ತು ಸಾಗಿಸುವ ಉದ್ದನೆಯ ಹಳಿ, ಚಕ್ಕಿನ ಹತ್ತಿರ ನಿಜಕ್ಕೂ ಸವೆದಿತ್ತು. ಆದರೂ ತಂದೆ ಮಾಡಿದ ಶಾಫ್ಟುಗಳು ಎರಡೂ ತುದಿಗಳಲ್ಲಿ ಸಮನಾಗಿದ್ದವು. ಅವರು ಬಹಳ ಶ್ರಮಪಟ್ಟು ಅದನ್ನು ಸಾಧಿಸುತ್ತಿರಬೇಕು ಎಂದು ಅವಳು ತರ್ಕಿಸಿದಳು. ಅವರ ಬಲಭುಜ ನೋಯುತ್ತಿತ್ತು. ಯಂತ್ರ ನೇರವಾದರೆ ಶ್ರಮ ಇಳಿದು, ಇನ್ನೂ ಹತ್ತು ವರ್ಷ ಅವರು ಲೇತಿನ ಮುಂದೆ ನಿಲ್ಲಬಹುದು. ಅವಳು ಬಯಸಿದ್ದು ಅದೊಂದನ್ನೇ. ವರ್ಕ್‌ಶಾಪಿನ ಹೊರಗೆ ಅವರಿಗೆ ಬೇರೆ ಬದುಕಿರಲಿಲ್ಲ.

ಲೇತಿನ ತಯಾರಕರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಅವಳಿಗೆ ಸಿಕ್ಕಿದ್ದು ಮುಗಿದುಹೋದ ಒಂದು ಚರಿತ್ರೆ. ಕಾರ್ಖಾನೆ ಇದ್ದ ಊರಿನ ಇತಿಹಾಸ ಸಂಘದವರು ವಾಲ್ಟರ್ ಎಂಬ ವೃದ್ಧರನ್ನು ಪರಿಚಯಿಸಿದರು. ಕಿನ್‌ಬರಿ ಕಾರ್ಖಾನೆಯಲ್ಲಿ ಬೆಡ್‌ಗಳನ್ನು ಕೈಯಿಂದ ಹೆರೆದು ನೇರಗೊಳಿಸುವ ವಿಭಾಗದಲ್ಲಿ ಕೊನೆಯವರೆಗೆ ಉಳಿದಿದ್ದವರು ಅವರು. ವಿಡಿಯೊ ಕರೆಗಳಲ್ಲಿ ಅವರು ಅವಳಿಗೆ ಎಲ್ಲವನ್ನೂ ಹೇಳಿದರು. ಹೊಳೆದಂಡೆಯ ಗಿರಣಿಯೊಂದರಲ್ಲಿ ಗಾಡಿಯ ಅಚ್ಚುಗಳನ್ನು ಕಡೆಯುತ್ತಿದ್ದ ಕಮ್ಮಾರನೊಬ್ಬ ತನ್ನ ಬಳಕೆಗೆ ಲೇತ್ ಕಟ್ಟಿಕೊಂಡ, ಅದನ್ನು ನೋಡಿದವರು ತಮಗೂ ಬೇಕೆಂದರು, ಕಾರ್ಖಾನೆ ಬೆಳೆಯಿತು. ಯುದ್ಧಗಳು ಬಂದಾಗ ಅವೇ ಲೇತುಗಳು ಫಿರಂಗಿ ಗುಂಡುಗಳ ಹೊರಕವಚಗಳನ್ನು ಕಡೆದವು, ಊರಿನ ಹೆಂಗಸರು ಅವುಗಳ ಮುಂದೆ ನಿಂತರು. ಶಾಂತಿಯ ಕಾಲದಲ್ಲಿ ರೈಲ್ವೆಗಳಿಗೆ, ಗಣಿಗಳಿಗೆ, ದೂರದೇಶಗಳಿಗೆ ಯಂತ್ರಗಳು ಹೋದವು. ಆಮೇಲೆ ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬಂದವು. ಮೊಮ್ಮಕ್ಕಳು ಕಾರ್ಖಾನೆಯನ್ನು ಮಾರಿದರು, ಕೊಂಡವರು ಅದನ್ನು ಮುಚ್ಚಿದರು. ಎರಕದ ಮನೆಯಿದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ತಮ್ಮ ವಿಭಾಗ ಹೆರೆದ ಬೆಡ್ ಒಂದು ಇನ್ನೂ ಕೆಲಸ ಮಾಡುತ್ತಿದೆಯೆಂದು ಕೇಳಿ ವಾಲ್ಟರ್ ಅದನ್ನು ತೋರಿಸಲು ಹೇಳಿದರು. ನಂತರ, ಹೆರೆಯುವುದನ್ನು ಕಲಿಸುತ್ತೇನೆ ಎಂದರು.

ಆ ಮಳೆಗಾಲದಲ್ಲಿ, ಎಸ್ಟೇಟುಗಳಿಂದ ಕೆಲಸ ಬಾರದ ತಿಂಗಳುಗಳಲ್ಲಿ, ತಂದೆ ಮಗಳು ಸೇರಿ ಲೇತನ್ನು ಬಿಚ್ಚಿದರು. ಮಂಗಳೂರಿನಿಂದ ಬಾಡಿಗೆಗೆ ತಂದ ಉಕ್ಕಿನ ನೇರಪಟ್ಟಿಗೆ ನೀಲಿ ಬಣ್ಣ ಬಳಿದು ಬೆಡ್ಡಿನ ಮೇಲೆ ಉಜ್ಜುವುದು, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಉಳಿಯಿಂದ ಹೆರೆಯುವುದು, ಒರೆಸಿ ಮತ್ತೆ ಬಳಿಯುವುದು. ಓಂಕಾರಮೂರ್ತಿಯವರು ಇದನ್ನು ಹಬ್ಬದಂತೆ ಅನುಭವಿಸಿದರು. “ಕೆನಡಾದ ಅಜ್ಜ ಎಂತ ಹೇಳಿದ ಇವತ್ತು?” ಎಂದು ಕೇಳುತ್ತ, ಅವಳು ದಣಿದಾಗ ಉಳಿಯನ್ನು ತಾವು ತೆಗೆದುಕೊಳ್ಳುತ್ತಿದ್ದರು. ಮಳೆ ಹಿಂದೆ ಸರಿಯುವ ಹೊತ್ತಿಗೆ ಡಯಲ್ ಗೇಜಿನ ಮುಳ್ಳು ಬೆಡ್ಡಿನ ಉದ್ದಕ್ಕೂ ಅಲುಗಾಡದೆ ಸಾಗಿತು.

ಕೊಯ್ಲು ಶುರುವಾದ ವಾರ, ಸಂಸೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ರುದ್ರಪ್ಪ ಮುರಿದ ಶಾಫ್ಟನ್ನು ಜೀಪಿನಲ್ಲಿ ತಂದರು. ಅಂದು ಶನಿವಾರ. ಓಂಕಾರಮೂರ್ತಿಯವರು ಹೊಸ ಶಾಫ್ಟನ್ನು ಕಡೆದು ಬೇರಿಂಗನ್ನು ತೊಡಿಸಿದರು. ಅದು ತಡೆಯಿಲ್ಲದೆ ಜಾರಿತು.

“ಎಂತ ಮಾರಾಯ! ಬೇರಿಂಗು ಹಾಕಿದ್ಯೋ ಬಳೆ ತೊಡಿಸಿದ್ಯೋ?” ರುದ್ರಪ್ಪ ನಕ್ಕರು.

“ಇರು, ಇನ್ನೊಂದು ಮಾಡುವ.”

ಎರಡನೆಯದೂ ಚಕ್ಕಿನ ಕಡೆ ಸಣ್ಣಗಾಯಿತು. ಹೆಚ್ಚಾದುದನ್ನು ಕಡೆಯಬಹುದು, ಕಡಿಮೆಯಾದುದನ್ನು ತುಂಬಲಾಗದು. ಈ ಸಲ ರುದ್ರಪ್ಪ ನಗಲಿಲ್ಲ. “ಕಣ್ಣು ಒಂದ್ಸಲ ಡಾಕ್ಟ್ರಿಗೆ ತೋರ್ಸು ಮೂರ್ತಿ. ಹಣ್ಣು ರಾಶಿ ಬಿದ್ದಿದೆ, ನಾನು ಮೂಡಿಗೆರೆ ವರ್ಕ್‌ಶಾಪಿಗೆ ಹೋಗ್ತೆ” ಎಂದು ಮುರಿದ ಶಾಫ್ಟನ್ನು ಜೀಪಿಗೆ ಹಾಕಿಕೊಂಡು ಹೊರಟರು.

ಧನ್ಯಶ್ರೀ ಯಂತ್ರವನ್ನು ಮತ್ತೆ ಪರೀಕ್ಷಿಸಿದಳು. ಅದರಲ್ಲಿ ದೋಷವಿರಲಿಲ್ಲ. ಇನ್ನೊಂದು ತುಂಡನ್ನು ಕಡೆಯಲು ತಂದೆಗೆ ಹೇಳಿ, ಈ ಬಾರಿ ಟೂಲನ್ನು ಬಿಟ್ಟು ಅವರ ಕೈಯನ್ನೇ ನೋಡುತ್ತ ನಿಂತಳು. ಟೂಲು ಚಕ್ಕಿನ ಹತ್ತಿರ ಬಂದಂತೆ ಅವರ ಬಲಗೈ, ಟೂಲು ಸರಳಿಗೆ ಇನ್ನಷ್ಟು ಇಳಿಯುವಂತೆ, ಹ್ಯಾಂಡಲನ್ನು ತೀರ ಮೃದುವಾಗಿ ಒಳಕ್ಕೆ ಒತ್ತುತ್ತಿತ್ತು.

“ಅಪ್ಪ, ಕೊನೇಲಿ ಯಾಕೆ ಒತ್ತಿದ್ರಿ?”

“ಎಲ್ಲಿ ಒತ್ತಿದೆ? ನಾನೆಂತಕ್ಕೆ ಒತ್ಲಿ?” ಅವರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು.

ಬೆಡ್ ಸವೆದಷ್ಟೇ ನಿಧಾನವಾಗಿ, ಸವೆದಷ್ಟೇ ಪ್ರಮಾಣದಲ್ಲಿ, ಅವರ ಕೈ ಆ ಒತ್ತನ್ನು ಕಲಿತಿತ್ತು. ಯಾರೂ ಕಲಿಸಿದ್ದಲ್ಲ, ಅವರಿಗೆ ತಿಳಿದದ್ದೂ ಅಲ್ಲ. ಈಗ ಸವೆತ ಹೋಗಿತ್ತು, ಒತ್ತು ಉಳಿದಿತ್ತು.

ಅಂದು ಸಂಜೆ ಅವಳು ವಾಲ್ಟರ್‌ಗೆ ಕರೆ ಮಾಡಿದಳು. ಅವರಿಗೆ ಆಶ್ಚರ್ಯವಾಗಲಿಲ್ಲ. ಕಿನ್‌ಬರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂದರು. ಹಳೆಯ ಲೇತಿನ ಬೆಡ್ ಹೆರೆದರೆ ಅದನ್ನು ಹಳೆಯ ಟರ್ನರಿಗೆ ಮತ್ತೆ ಕೊಡುತ್ತಿರಲಿಲ್ಲವಂತೆ. ಹೊಸಬನೊಬ್ಬನನ್ನು ಅದರ ಮುಂದೆ ನಿಲ್ಲಿಸಿ, ಹಳಬನಿಗೆ ಸುಮಾರು ಅಷ್ಟೇ ಸವೆದ ಬೇರೊಂದು ಲೇತ್ ಕೊಡುತ್ತಿದ್ದರಂತೆ. ಅಲ್ಲಿ ಲೇತುಗಳಿಗೆ ಕೊರತೆಯಿರಲಿಲ್ಲ. ನಿನ್ನ ತಂದೆಯ ಹತ್ತಿರ ಇನ್ನೊಂದು ಯಂತ್ರ ಇದೆ ತಾನೆ ಎಂದು ಅವರು ಕೇಳಿದರು. ಧನ್ಯಶ್ರೀ ಇಲ್ಲವೆಂದಳು. ವಾಲ್ಟರ್ ಎರಡು ಸಲ ಕ್ಷಮೆ ಕೇಳಿದರು.

ಮರುದಿನ ಬೆಳಿಗ್ಗೆ ಅವಳು ಏನನ್ನೂ ಮುಚ್ಚಿಡದೆ ತಂದೆಗೆ ವಿವರಿಸಿದಳು. ಕಣ್ಣು ಕೆಟ್ಟಿಲ್ಲ, ಕೈ ಕೆಟ್ಟಿಲ್ಲ, ಒತ್ತುವುದನ್ನು ಬಿಟ್ಟರೆ ಸಾಕು ಎಂದಳು. ಓಂಕಾರಮೂರ್ತಿಯವರು ಬೆಡ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿಸಿಕೊಂಡರು.

“ಮತ್ತೆ ಹಂಗೆ ಸವೆಯೋಕೆ ಎಷ್ಟು ವರ್ಷ ಬೇಕು?”

ಅವಳಿಗೆ ಉತ್ತರ ಗೊತ್ತಿತ್ತು. ಅವಳು ಬಟ್ಟೆ ತೆಗೆದುಕೊಂಡು ಚಕ್ಕನ್ನು ಒರೆಸತೊಡಗಿದಳು.

“ಅಷ್ಟು ವರ್ಷ ನಾನೇ ಇರೋದಿಲ್ಲ, ಬಿಡು” ಎಂದು ಅವರೇ ನಕ್ಕರು.

ಅವರು ಪ್ರಯತ್ನಿಸಲಿಲ್ಲವೆಂದಲ್ಲ. ಕೊಯ್ಲಿನ ಉದ್ದಕ್ಕೂ ಪ್ರಯತ್ನಿಸಿದರು. ಆದರೆ ಒತ್ತಬಾರದೆಂದು ನೆನಪಿಟ್ಟುಕೊಂಡ ಕೂಡಲೇ ಕೈ ಬಿಗಿದುಕೊಂಡು ಟೂಲು ತಡೆತಡೆದು ಸಾಗುತ್ತಿತ್ತು, ಸರಳಿನ ಮೈ ತರಿತರಿಯಾಗುತ್ತಿತ್ತು. ಮರೆತ ಕೂಡಲೇ ಹಳೆಯ ಒತ್ತು ಬರುತ್ತಿತ್ತು. ಹಾಳಾದ ಸರಳುಗಳು ಗೋಡೆಯ ಬುಡದಲ್ಲಿ ರಾಶಿಯಾದವು. ಒಂದು ದಿನ ಅವರು ಅವನ್ನೆಲ್ಲ ಗುಜರಿಗೆ ಹಾಕಿ ಬಂದು, ಲೇತಿನ ಮುಂದೆ ತಾವು ನಿಲ್ಲುತ್ತಿದ್ದ ಮರದ ಹಲಗೆಯನ್ನು ತೆಗೆದು, ಕುಳ್ಳಗಿದ್ದ ಮಗಳಿಗೆ ಸರಿಹೋಗುವಂತೆ ಎತ್ತರದ್ದೊಂದನ್ನು ಹಾಕಿಟ್ಟರು.

ಈಗ ಶನಿವಾರ, ಭಾನುವಾರ ಶಾಫ್ಟುಗಳನ್ನು ಕಡೆಯುವುದು ಧನ್ಯಶ್ರೀ. ವಾರದ ನಡುವೆ ಬಂದವರನ್ನು ಓಂಕಾರಮೂರ್ತಿಯವರು ಮೂಡಿಗೆರೆಗೆ ಕಳಿಸುತ್ತಾರೆ. ರುದ್ರಪ್ಪ ಮತ್ತೆ ಬರತೊಡಗಿದ್ದಾರೆ.

“ಮಗಳು ನಿನ್ನ ಮೀರಿಸಿದ್ಲಲ್ಲ ಮಾರಾಯ, ಚಾ ಕೊಡ್ಸು!”

“ಕೊಡ್ಸುವ, ಬಾ” ಎನ್ನುತ್ತಾರೆ ಓಂಕಾರಮೂರ್ತಿಯವರು.

ಸರಳನ್ನು ಕತ್ತರಿಸಿ ಕೊಡುವುದು, ಚಕ್ಕಿಗೆ ಬಿಗಿಯುವುದು, ಮೋಟರ್ ಹಾಕುವುದು ಅವರ ಕೆಲಸ. ಮೊದಮೊದಲು ಅವಳ ಹಿಂದೆಯೇ ನಿಂತು ನೋಡುತ್ತಿದ್ದರು. ಟೂಲು ಚಕ್ಕನ್ನು ಸಮೀಪಿಸುವಾಗ ಖಾಲಿ ಗಾಳಿಯಲ್ಲಿ ಅವರ ಬಲಗೈ ಮೇಲೆದ್ದು ಹ್ಯಾಂಡಲನ್ನು ಒತ್ತುವಂತೆ ಸರಿಯುವುದನ್ನು ಅವಳು ಒಮ್ಮೆ ತಿರುಗಿದಾಗ ಕಂಡಳು. ಅವಳು ಕಂಡದ್ದು ಅವರಿಗೂ ತಿಳಿಯಿತು. ಅಂದಿನಿಂದ ಅವಳು ಕೊನೆಯ ಸುತ್ತು ಕಡೆಯುವಾಗ ಅವರು ಓಣಿಗೆ ಹೋಗಿ, ಶೆಡ್ಡಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಸದ್ದು ನಿಂತ ಮೇಲೆ ಅಲ್ಲಿಂದಲೇ “ಆಯ್ತಾ?” ಎನ್ನುತ್ತಾರೆ.

“ಆಯ್ತು ಅಪ್ಪ.”

ಒಳಗೆ ಬಂದು ಶಾಫ್ಟನ್ನು ಒರೆಸಿ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿಡುತ್ತಾರೆ. ಅಳತೆ ಎಷ್ಟು ಬಂತೆಂದು ಕೇಳುವುದಿಲ್ಲ.