ಮುಚ್ಚಿದ ಬಾನೆಟ್ಟು

ಟೊಮೆಟೊ ಕ್ರೇಟುಗಳನ್ನಿಡಲು ಜಾಗ ಬೇಕಾಗಿತ್ತು. ಅದಕ್ಕೇ ವರಲಕ್ಷ್ಮಿ, ಗಂಡನ ಕಾರನ್ನು ಉದ್ದನಪಲ್ಲಿಯ ಮನೆ ಪಕ್ಕದ ಕೊಟ್ಟಿಗೆಯಿಂದ ಹೊರಗೆ ಹಾಕಿಸೋಣ ಎಂದಳು. ಇರಲಿ ಬುಡಮ್ಮ, ಅಂತ ಮಾವ ಮುನಿಕೃಷ್ಣಪ್ಪ ತಳ್ಳಿಹಾಕುತ್ತಲೇ ಬಂದ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟು ಹೊಸೂರಿನಿಂದ ಮೆಕ್ಯಾನಿಕ್ ಮುನಿಶಾಮಿಯನ್ನು ಕರೆಸಿದಳು.

ಬಾಡಿಗೆಗೆ ಓಡುತ್ತಿದ್ದ ಹಳೇ ಕಾರು. ಮೊದಲು ಮಾವ ಓಡಿಸುತ್ತಿದ್ದ, ಆಮೇಲೆ ಅವನ ಮಗ ರಘುನಾಥ. ಹೋದ ವರ್ಷದ ಚಳಿಗಾಲದಲ್ಲಿ, ಬೆಳಗಾಗುವ ಹೊತ್ತಿಗೆ, ಸಾನಮಾವು ಕಾಡಿನ ರಸ್ತೆಯಲ್ಲಿ ಆನೆ ರಘುನಾಥನನ್ನು ತುಳಿದುಹಾಕಿತ್ತು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗೇ ಕೂತಿದ್ದರೆ ಉಳಿಯುತ್ತಿದ್ದ ಎಂದು ಊರು ಆಡಿಕೊಂಡಿತು. ಕುಡಿದಿದ್ದ ಅಂದರು ಕೆಲವರು, ಹೊಸ ಫೋನಿನಲ್ಲಿ ಆನೆ ಫೋಟೋ ಹಿಡಿಯೋಕೆ ಇಳಿದ ಅಂದರು ಕೆಲವರು. ವರಲಕ್ಷ್ಮಿ ಎರಡನ್ನೂ ನಂಬಿದಳು. ಗೋಡೆಯ ಮೇಲಿನ ಅವನ ಫೋಟೋಗೆ ಅತ್ತೆಯೇ ಹೂವು ಮುಡಿಸಬೇಕಾಗಿತ್ತು. ಹೆಂಡತಿ ಮಗಳನ್ನು ಬಿಟ್ಟು ಆನೆ ನೋಡೋಕೆ ಹೋದವನಿಗೆ ಹೂವೊಂದು ಕೇಡು ಎಂದು ಇವಳು ಮುಟ್ಟುತ್ತಿರಲಿಲ್ಲ.

ಮುನಿಶಾಮಿ ಬಂದವನೇ ಕಾರನ್ನು ತಳ್ಳಿ ನೋಡಿದ. ವರಲಕ್ಷ್ಮಿಯನ್ನು ಒಳಗೆ ಕೂರಿಸಿ, ಕ್ಲಚ್ ಒತ್ತಿಸಿ ತಳ್ಳಿದ. ಆಗಲೂ ಹಿಂದಿನ ಚಕ್ರ ಕದಲಲಿಲ್ಲ. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಕಲ್ಲಿನಲ್ಲಿ ನೆಟ್ಟ ಹಾಗಿತ್ತು.

“ಗೂಳಿ ಜಾತಿ ಕಣಮ್ಮ ಇದು,” ಎಂದ. “ಕೂತ್ಕಂಡು ಹೇಳಿದ್ರೆ ಕೇಳಲ್ಲ. ಇಳಿದು ಬಾಲ ತಿರುವ್ಬೇಕು.”

ಬಾನೆಟ್ ಎತ್ತಿ, ಸ್ಟೇರಿಂಗ್ ಬುಡದಿಂದ ಗೇರ್ ಬಾಕ್ಸಿಗೆ ಹೋಗುವ ಕಂಬಿಗಳಿಗೆ ಸೀಮೆಎಣ್ಣೆ ಸುರಿದ. ತುಕ್ಕು ನೆನೆಯಲಿ ಎಂದು ಚಹಾ ಕುಡಿಯುತ್ತಾ ವಿವರಿಸಿದ. ಕಂಬಿಗಳ ಕೀಲಿನಲ್ಲಿರುವ ಬುಷ್ ಸವೆದರೆ ಹೀಗೇ. ಅವಸರದಲ್ಲಿ ಹಿಂದಕ್ಕೆ ತೆಗೆಯಲು ಹೋದರೆ ಫಸ್ಟ್ ಗೇರ್ ಬಿಡುವ ಮೊದಲೇ ರಿವರ್ಸ್ ಕಚ್ಚಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಕಚ್ಚಿದರೆ ಗಾಡಿ ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು.

ವರಲಕ್ಷ್ಮಿ ಲೋಟ ಕೆಳಗಿಟ್ಟಳು.

“ಒಳಗೇ ಕೂತು ಬಿಡಿಸೋಕಾಗಲ್ವಾ?”

“ಎಲ್ಲಾಯ್ತದಮ್ಮ? ಇಳಿದು ಬಾನೆಟ್ ಎತ್ತಿ ಕೈ ಹಾಕ್ಬೇಕು. ಹಳೇ ಡ್ರೈವರ್‌ಗಳಿಗೆಲ್ಲ ಗೊತ್ತು. ನಿಮ್ಮ ಮಾವನ್ನೇ ಕೇಳಿ.”

ಆದರೆ ಅವತ್ತು ಬಾನೆಟ್ ಮುಚ್ಚಿತ್ತು. ಪೊಲೀಸರು ನೋಡಿದ್ದೂ ಮುಚ್ಚಿದ ಬಾನೆಟ್ಟನ್ನೇ, ಕಾರಿನ ಹಿಂಭಾಗ ಎತ್ತಿ ಕಟ್ಟಿ ಮನೆಗೆ ಎಳೆದು ತಂದವರು ನೋಡಿದ್ದೂ ಅದನ್ನೇ. ಅವರೆಲ್ಲರಿಗಿಂತ ಮೊದಲು, ಹಾಲಿನ ವ್ಯಾನಿನವನು ಸುದ್ದಿ ತಂದ ಕೂಡಲೇ, ಅಲ್ಲಿಗೆ ಓಡಿದವನು ಮಾವ. ಅವಳು ಜಗಲಿಯ ಕಡೆ ತಿರುಗಿದಳು. ಮುದುಕ ಅಂಗೈ ನೋಡುತ್ತಾ ಕೂತಿದ್ದ.

“ನಾನೇ ಮುಚ್ದೆ ಕಣಮ್ಮ.”

ಉಳಿದದ್ದನ್ನು ಅವಳು ಒಂದೊಂದಾಗಿ ಕೇಳಿ ಹೊರಗೆಳೆಯಬೇಕಾಯಿತು. ಬುಷ್ ಹಾಕಿಸೋಣ ಅಂತ ರಘುನಾಥ ಹೇಳಿದ್ದನಂತೆ. ಜನ್ಮವೆಲ್ಲ ನಾನು ಕೈಯಲ್ಲೇ ಬಿಡಿಸಿಕೊಂಡು ಓಡಿಸಲಿಲ್ಲವಾ ಎಂದು ಇವನು ನಕ್ಕು, ಕೈ ಹಾಕುವುದನ್ನು ತೋರಿಸಿಕೊಟ್ಟಿದ್ದನಂತೆ. ಅವತ್ತು ಕಾಡಿನ ರಸ್ತೆಯಲ್ಲಿ ತೆರೆದ ಬಾನೆಟ್ ಕಂಡ ಕೂಡಲೇ, ಮಗ ಗೇರ್ ಬಿಡಿಸಲು ಇಳಿದಿದ್ದನೆಂದು ಇವನಿಗೆ ತಿಳಿಯಿತು. ಜನ ಬರುವ ಮೊದಲೇ ಮುಚ್ಚಿದ. ಆಮೇಲೆ ಊರು ಮಗನನ್ನು ಕುಡುಕ ಅಂದಾಗ ಸುಮ್ಮನಿದ್ದ.

ಮುನಿಶಾಮಿಗೆ ಎಲ್ಲಿ ನೋಡಬೇಕೋ ತೋಚಲಿಲ್ಲ. ಬಗ್ಗಿ ಕಂಬಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಅಲ್ಲಾಡಿಸಿದ. ಸ್ವಲ್ಪ ಹೊತ್ತಿಗೆ ಟಕ್ಕೆಂದು ಬಿಟ್ಟುಕೊಂಡಿತು.

“ತಳ್ಳಿ ಮಾವ,” ಎಂದಳು ವರಲಕ್ಷ್ಮಿ.

ಮೂವರೂ ಕೈ ಹಚ್ಚಿದರು. ಕಾರು ಎತ್ತಿನ ಗಾಡಿಗಿಂತ ಹಗುರವಾಗಿ ಅಂಗಳಕ್ಕೆ ಉರುಳಿತು.

ಆ ಸಂಜೆ ಅವಳು ಹಿತ್ತಲ ಕನಕಾಂಬರ ಕಿತ್ತು ಕಟ್ಟಿ ಫೋಟೋಗೆ ಹಾಕಿದಳು. ಕಾರು ತಳ್ಳುವಾಗ ಉಗುರಿಗೆ ಹತ್ತಿದ್ದ ಗ್ರೀಸು ಗಾಜಿಗೆ ಮೆತ್ತಿಕೊಂಡಿತು, ಒರೆಸಲಿಲ್ಲ. ಮಾವನಿಗೆ ಮುದ್ದೆ ಬಡಿಸಿ ತಟ್ಟೆಯನ್ನು ಮುಂದೆ ನೂಕಿದಳು. ಅವನು ಕೈ ಹಾಕಲಿಲ್ಲ. ಉಣ್ಣಿ ಎಂದು ಅವಳೂ ಹೇಳಲಿಲ್ಲ.