ಶಾಫ್ಟಿನ ಎರಡು ಚುಕ್ಕೆ

ಗಾಡಿ ಮೂರನೇ ಗೇರಿಗೆ ಬಿದ್ದದ್ದೇ ತಡ, ಹಿಂದಿನ ಹಲಗೆ ಗಡಗಡ ನಡುಗಿ ಪೆಟ್ಟಿಗೆ ಎಡಕ್ಕೆ ಜಾರಿತು. ಮಗಳು ಎರಡೂ ಕೈ ಚಾಚಿ ತಡೆದಳು. ಎದುರು ಕೂತಿದ್ದ ಪೇಂಟರ್ ಮಾವ ಕಾಲು ಅಡ್ಡ ಕೊಟ್ಟ. ಪೆಟ್ಟಿಗೆಯೊಳಗೆ ಅವಳ ಅಪ್ಪ ಇದ್ದ.

"ನಿಧಾನ ಹೋಗೋಕೆ ಹೇಳು ಮಾವ."

ಮಾವ ಕ್ಯಾಬಿನ್ನಿನ ಹಿಂದಿನ ಗಾಜು ಬಡಿದ. ಸ್ಟೀರಿಂಗ್ ಹಿಡಿದಿದ್ದ ಗ್ಯಾರೇಜಿನ ಮಾಲೀಕ ತಿರುಗಿ ನೋಡಿ ವೇಗ ಇಳಿಸಿದ. ನಡುಕವೂ ಇಳಿಯಿತು. ಮತ್ತೆ ಏರಿಸಿದ, ಮತ್ತೆ ನಡುಗಿತು. ಮಗಳು ಹನ್ನೊಂದು ವರ್ಷದಿಂದ ಲೇತ್ ಮೆಷಿನ್ ಮುಂದೆ ನಿಂತವಳು. ತಿರುಗುವ ಕಬ್ಬಿಣ ಎಲ್ಲಿ ಮುನಿಸಿಕೊಂಡಿದೆ ಅನ್ನುವುದು ಅವಳಿಗೆ ಅಂಗಾಲಿನಿಂದಲೇ ಗೊತ್ತಾಗುತ್ತಿತ್ತು. ಇದು ಚಕ್ರದ್ದಲ್ಲ, ಎಂಜಿನ್ನಿನದೂ ಅಲ್ಲ. ಗಾಡಿಯ ಹೊಟ್ಟೆಯ ನಡುವೆ ತಿರುಗುವ ಶಾಫ್ಟಿನದು.

ಐವತ್ತು ವರ್ಷದ ಹಳೇ ಪಿಕಪ್ ಅದು. ಹಸಿರು ಬಣ್ಣ ಮಾವನ ಕೈಯದು. ಹಿಂದಿನ ಆಕ್ಸಲ್, ಅಂದರೆ ಅಚ್ಚು, ಪೂರ್ತಿ ಬದಲಾಯಿಸುವ ಕೆಲಸ ಅಪ್ಪನದು. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಅಚ್ಚಿನ ಮೇಸ್ತ್ರಿ ಅಂತ. ಬೆಳಿಗ್ಗೆ ಮನೆಯ ಮುಂದೆ ಮಾಲೀಕ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ: ಮೇಸ್ತ್ರಿ ಮುಗಿಸಿದ ಕೊನೆಯ ಗಾಡಿ ಇದು, ಇದರಲ್ಲೇ ಅವನ ಕೊನೆಯ ಪಯಣ. ನಾಲ್ಕು ಜನ ಕಣ್ಣೊರೆಸಿಕೊಂಡರು, ಇಬ್ಬರು ಫೋಟೋ ಹಿಡಿದರು. ಅಮ್ಮ ಮಾಲೀಕನಿಗೆ ಕೈ ಮುಗಿದಳು. ಅವಳಿಗೆ ಮುಂದಿನ ಸೀಟು ಸಿಕ್ಕಿತು.

ಊರು ದಾಟಿದ ಮೇಲೆ ನಡುಕ ತಡೆಯಲಾಗದೆ ಮಾಲೀಕ ಗಾಡಿಯನ್ನು ರಸ್ತೆ ಬದಿಗೆ ಹಾಕಿ ಇಳಿದ. ಹಿಂದೆ ಬರುತ್ತಿದ್ದ ಎರಡು ವ್ಯಾನು, ಏಳೆಂಟು ಬೈಕು ನಿಂತವು. ಅವೆಲ್ಲ ಮೇಸ್ತ್ರಿ ಕೈಯಲ್ಲಿ ಒಂದಲ್ಲ ಒಂದು ಸಲ ರಿಪೇರಿಯಾದವೇ. ಏನಾಯಿತು ಏನಾಯಿತು ಅಂತ ಜನ ಸುತ್ತುಗಟ್ಟಿದರು.

"ವಯಸ್ಸಾಗಿತ್ತಲ್ಲ, ಪಾಪ," ಅಂದ ಮಾಲೀಕ. "ಕೈ ಮೊದಲಿನ ಹಾಗಿರಲಿಲ್ಲ. ನಂಗೂ ಗೊತ್ತಿತ್ತು, ಸುಮ್ನಿದ್ದೆ. ಹೋದೋರ ವಿಷಯ ಈಗ್ಯಾಕೆ ಬಿಡಿ."

ಬಿಡಿ ಅಂದದ್ದು ಬಾಯಿ, ಬಿಟ್ಟದ್ದು ಮಾತ್ರ ಬಾಣ. ಜನ ಲೊಚಗುಟ್ಟಿದರು. ಒಬ್ಬ ವ್ಯಾನ್ ಡ್ರೈವರ್, ಹೋದ ತಿಂಗಳು ತನ್ನ ಗಾಡಿಯಲ್ಲೂ ಏನೋ ಸದ್ದು ಬರುತ್ತಿತ್ತು, ಈಗ ಅರ್ಥವಾಯಿತು ಅಂದ. ಇನ್ನೊಬ್ಬ ಹೌದೌದು ಅಂದ. ನಲವತ್ತು ವರ್ಷದ ಕೆಲಸ ಎರಡು ನಿಮಿಷದಲ್ಲಿ ನಡುಗುವ ಕೈಯಾಯಿತು. ಹೂಳುವ ಗುಂಡಿಗೆ ಮಣ್ಣು ಬೀಳುವಷ್ಟರಲ್ಲಿ ಈ ಮಾತು ಎಲ್ಲ ಗ್ಯಾರೇಜುಗಳನ್ನೂ ಮುಟ್ಟುತ್ತದೆ. ಆಮೇಲೆ ಅಪ್ಪನ ಹೆಸರು ಅಂತ ಉಳಿಯುವುದು ಅದೊಂದೇ. ಸತ್ತವನೇನು ಸ್ಪ್ಯಾನರ್ ಹಿಡಿದು ಎದ್ದು ಬರುತ್ತಾನೆಯೇ? ಕ್ಯಾಬಿನ್ನಿನಲ್ಲಿದ್ದ ಅಮ್ಮನಿಗೂ ಎಲ್ಲ ಕೇಳಿಸಿತ್ತು. ಅವಳು ತನ್ನ ಮಡಿಲನ್ನೇ ನೋಡುತ್ತ ಕೂತಿದ್ದಳು.

"ಮಾವ," ಅಂದಳು ಮಗಳು, "ಅಪ್ಪನೇ ಶಾಫ್ಟ್ ಕಟ್ಟಿದ್ದಾ?"

ಮಾವ ಉಗುರಿನ ಸಂದಿಯ ಬಣ್ಣ ಕೆರೆದ. "ನನ್ನ ಕೇಳಬೇಡ ಕಣಮ್ಮ. ನಾಳೆ ಇವರ ಶೆಡ್ಡಿಗೇ ಕೆಲಸಕ್ಕೆ ಹೋಗ್ಬೇಕು ನಾನು."

ಅವಳು ಹಾರಿ ಇಳಿದು, ಎರಡು ಕಲ್ಲು ಹುಡುಕಿ ಹಿಂದಿನ ಚಕ್ರಕ್ಕೆ ಕೊಟ್ಟಳು. ರಸ್ತೆಯ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು.

*

ಹತ್ತು ದಿನದ ಹಿಂದೆ ಅಪ್ಪ ಆ ಶಾಫ್ಟನ್ನು ಹೆಗಲ ಮೇಲೆ ಹೊತ್ತು ಅವಳ ಲೇತಿನ ಅಂಗಡಿಗೆ ಬಂದಿದ್ದ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ತಿರುಗುಬಲ ಒಯ್ಯುವ ಉದ್ದನೆಯ ಕೊಳವೆ ಅದು. ಹೊಸ ಆಕ್ಸಲ್ಲಿನ ಮೂತಿ ಹಳೆಯದಕ್ಕಿಂತ ಎರಡು ಬೆರಳು ಮುಂದಿತ್ತು, ಶಾಫ್ಟು ಅಷ್ಟು ಗಿಡ್ಡವಾಗಬೇಕಿತ್ತು.

"ಏನ್ ಮೇಡಂ, ಹಳೇ ಗಿರಾಕಿ, ಬೇಗ ಮಾಡ್ಕೊಡ್ತೀರಾ?"

"ಲೈನಲ್ಲಿ ನಿಂತ್ಕೊಳ್ಳಿ ಮೇಸ್ತ್ರಿ."

ಲೈನಿನಲ್ಲಿ ಇದ್ದವನು ಅವನೊಬ್ಬನೇ. ಆದರೂ ಗೋಡೆಗೆ ಒರಗಿ ನಿಂತ. ಅವಳು ಕೊಯ್ದು, ಬೆಸೆದು, ಲೇತಿಗೆ ಹಾಕಿ ತಿರುಗಿಸಿ ತೋರಿಸಿದಳು. ಅವನು ಕಣ್ಣಿನಲ್ಲಿ ನೋಡಲಿಲ್ಲ, ಉಗುರು ತಾಗಿಸಿ ನೋಡಿದ. ಆಮೇಲೆ ಜೇಬಿನಿಂದ ಗುರುತು ಕುಟ್ಟುವ ಪಂಚ್ ತೆಗೆದು ಎರಡು ಏಟು ಹಾಕಿದ. ಕೊಳವೆಯ ಮೇಲೊಂದು ಚುಕ್ಕೆ, ಅದರ ತುದಿಯ ಹಲ್ಲುಗಳಿಗೆ ಜಾರಿಸಿ ಕೂರಿಸುವ ಗಿಡ್ಡ ತೋಳಿನ ಮೇಲೆ ಎದುರಿಗೊಂದು ಚುಕ್ಕೆ. ತೋಳು ಯಾವ ಹಲ್ಲಿಗೆ ಬೇಕಾದರೂ ಕೂರುತ್ತದೆ. ಚುಕ್ಕೆಗೆ ಚುಕ್ಕೆ ಬಂದರೆ ಮಾತ್ರ ಸರಿಯಾಗಿ ತಿರುಗುತ್ತದೆ. ತಪ್ಪಿದರೆ ಗಾಡಿಗೆ ಚಳಿಜ್ವರ.

ಇಷ್ಟು ವರ್ಷವಾದ ಮೇಲೂ ಗುರುತು ಬೇಕಾ ಅಂತ ಅವಳು ಅಣಕಿಸಿದಳು.

"ನಂಗಲ್ಲಮ್ಮ. ನಾನು ಕಣ್ಮುಚ್ಕೊಂಡು ಕೂರಿಸ್ತೀನಿ. ನಾನಾದ್ಮೇಲೆ ಬಿಚ್ತಾನಲ್ಲ, ಅವನಿಗೆ."

*

ಗಾಡಿಯ ಕೆಳಗೆ ಒಂದು ಚುಕ್ಕೆ ಅವಳ ಮೂಗಿನ ನೇರಕ್ಕೆ ಇತ್ತು. ಇನ್ನೊಂದು ಅಲ್ಲಿರಲಿಲ್ಲ. ಬೆರಳಿನಿಂದ ಗ್ರೀಸ್ ಒರೆಸುತ್ತ ಹೋದಳು. ಕಾಲು ಸುತ್ತು ಆಚೆ, ಪಕ್ಕದಲ್ಲಿ ಸಿಕ್ಕಿತು.

ಹೊರಗೆ ಬಂದು ಹೇಳಿದಳು: ಇದು ಅಪ್ಪ ಕಟ್ಟಿದ್ದಲ್ಲ.

ಇವತ್ತು ಇದೆಲ್ಲ ಬೇಕೇ, ತಡವಾಗುತ್ತಿದೆ, ನಿಧಾನ ಹೋದರಾಯಿತು ಅಂದ ಮಾಲೀಕ.

"ಕೆಳಗೆ ಹೋಗಿ ನೋಡಿ."

"ನಾನು ರೋಡಲ್ಲಿ ಮಲಗ್ಬೇಕಾ?"

"ಅಪ್ಪ ಇಪ್ಪತ್ತಾರು ವರ್ಷ ಮಲಗಿದ್ರು, ನಿಮ್ಮ ಗಾಡಿಗಳ ಕೆಳಗೆ."

ಮಾಲೀಕ ಸುತ್ತ ನೋಡಿದ. ಯಾರಾದರೂ ಅವಳಿಗೆ ಬುದ್ಧಿ ಹೇಳಲಿ ಅಂತ ಕಾದ. ಹೇಳುವ ಮುಖ ಮಾಡಿಕೊಂಡು ಒಬ್ಬ ಮುಂದೆ ಬಂದೂ ಬಂದ. ಅಷ್ಟರಲ್ಲಿ ಪೇಂಟರ್ ಮಾವ ಹಲಗೆಯಿಂದ ಇಳಿದು, ಮಂಡಿ ಊರಿ, ಸದ್ದಿಲ್ಲದೆ ಕೆಳಗೆ ಸರಿದುಬಿಟ್ಟ. ಮುಖ ಕಾಣುತ್ತಿರಲಿಲ್ಲ, ಬರೀ ಕಾಲು. ಮುಖ ಕಾಣದ್ದರಿಂದಲೋ ಏನೋ ಧ್ವನಿ ಗಟ್ಟಿಯಾಗಿತ್ತು.

"ಚುಕ್ಕೆ ತಪ್ಪಿದೆ. ಮೇಸ್ತ್ರಿ ಎದೆ ಹಿಡ್ಕೊಂಡು ಬಿದ್ದಾಗ ಈ ಶಾಫ್ಟು ಬೆಂಚಿನ ಮೇಲೆ ಕೊಳವೆ ಬೇರೆ, ತೋಳು ಬೇರೆಯಾಗಿ ಇತ್ತು. ನಿನ್ನೆ ಸಾಯಂಕಾಲ ಟೈರ್ ಬಿಚ್ಚೋನ ಕೈಲಿ ಕಟ್ಟಿಸಿದ್ರು. ಇವತ್ತು ಗಾಡಿ ಮೆರೀಬೇಕಿತ್ತು ಓನರಿಗೆ."

ಕ್ಯಾಬಿನ್ನಿನ ಬಾಗಿಲು ತೆರೆಯಿತು. ಅಮ್ಮ ಮಂಡಿ ಹಿಡಿದುಕೊಂಡು ಇಳಿದಳು.

"ನಂಗೂ ತೋರ್ಸು."

ಬೇಡ ಅಂದರೆ ಕೇಳುವ ಹೆಂಗಸಲ್ಲ. ಮಗಳು ಅವಳ ತಲೆಯ ಕೆಳಗೆ ಕೈಯಿಟ್ಟು ಮಲಗಿಸಿದಳು. ಇಷ್ಟು ವರ್ಷ ಗಂಡನ ಬಟ್ಟೆಯ ಗ್ರೀಸ್ ಉಜ್ಜಿ ಕೈ ಸವೆಸಿದವಳು, ಅವನು ದಿನವಿಡೀ ಮಲಗಿ ಏನು ನೋಡುತ್ತಿದ್ದ ಅನ್ನುವುದನ್ನು ಅವಳು ನೋಡಿದ್ದು ಈಗಲೇ. ಮಗಳು ಅವಳ ಬೆರಳು ಹಿಡಿದು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಒಯ್ದಳು.

"ಇಷ್ಟೇನಾ?"

"ಇಷ್ಟೇ ಅಮ್ಮ."

"ಇಷ್ಟು ಕಾಣ್ಲಿಲ್ವಾ ಕಟ್ಟಿದೋರಿಗೆ? ಕುರುಡನ ಕೈಗೂ ಸಿಗತ್ತಲ್ಲೇ."

ಅಮ್ಮ ಎದ್ದ ಜಾಗಕ್ಕೆ ಆ ವ್ಯಾನ್ ಡ್ರೈವರ್ ಬಂದ. ತನ್ನ ಗಾಡಿಯ ಸದ್ದು ಹರಿದ ಸೈಲೆನ್ಸರಿನದು ಅಂತ ಯಾರೂ ಕೇಳದೆಯೇ ಒಪ್ಪಿಕೊಂಡು ಕೆಳಗೆ ನುಗ್ಗಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಹೌದೌದು ಅಂದವನು. ಸಾವಿನ ಮನೆಗೆಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದ ಗಂಡಸರು ರಸ್ತೆ ಬದಿಯಲ್ಲಿ ಸಾಲು ನಿಂತು, ಒಬ್ಬೊಬ್ಬರೇ ಅಂಗಾತ ಮಲಗಿ, ನೋಡಿ ಎದ್ದರು. ಬೇಗ ಬೇಗ ಅಂತ ಯಾರೂ ಅನ್ನಲಿಲ್ಲ.

ಕೊನೆಯವನು ಎದ್ದ ಮೇಲೆ ಅವಳು ವ್ಯಾನಿನ ಸ್ಪ್ಯಾನರ್ ಕೇಳಿ ತೆಗೆದುಕೊಂಡಳು. ಆಕ್ಸಲ್ಲಿನ ಮೂತಿಯ ನಾಲ್ಕು ಬೋಲ್ಟು ಬಿಚ್ಚಿ, ಶಾಫ್ಟ್ ಇಳಿಸಿ, ತೋಳನ್ನು ಪೂರ್ತಿ ಎಳೆದು, ಕಾಲು ಸುತ್ತು ತಿರುಗಿಸಿ ಚುಕ್ಕೆಗೆ ಚುಕ್ಕೆ ಕೂರಿಸಿದಳು. ಮಾವ ಶಾಫ್ಟಿನ ಭಾರ ಹಿಡಿದಿದ್ದ. ನೆತ್ತಿಯ ಮೇಲೆ, ಹಲಗೆಯಾಚೆ ಅಪ್ಪ. ಬೋಲ್ಟುಗಳನ್ನು ಅವಳು ಅಡ್ಡಡ್ಡ ಬಿಗಿದಳು, ಒಂದಕ್ಕೊಂದು ಎದುರು. ಮಾಲೀಕ ದೂರದ ನೆರಳಿನಲ್ಲಿ ಫೋನ್ ತಿಕ್ಕುತ್ತಿದ್ದ. ಅವನು ಬರುವಷ್ಟರಲ್ಲಿ ಮಾವ ಸ್ಟೀರಿಂಗಿನ ಮುಂದೆ ಕೂತಾಗಿತ್ತು. ಮಾಲೀಕ ವ್ಯಾನ್ ಹತ್ತಿದ.

ಮೂರನೇ ಗೇರು. ನಾಲ್ಕನೆಯದು. ಪೆಟ್ಟಿಗೆ ಕದಲಲಿಲ್ಲ.

ಸ್ಮಶಾನದಲ್ಲಿ ಗುಂಡಿಯ ಸುತ್ತ ಎಲ್ಲರೂ ತಲೆ ತಗ್ಗಿಸಿ ನಿಂತರು. ಪೇಂಟರ್ ಮಾವನ ಬೆನ್ನು, ಡ್ರೈವರುಗಳ ಬೆನ್ನು, ಮಗಳದು, ಅಮ್ಮನದು, ಎಲ್ಲದರ ಮೇಲೂ ರಸ್ತೆಯ ಧೂಳು, ನಡುನಡುವೆ ಎಣ್ಣೆಯ ಕಲೆ, ಅಂಟಿಕೊಂಡ ಸಣ್ಣ ಜಲ್ಲಿ. ಯಾರೂ ಕೊಡವಿಕೊಂಡಿರಲಿಲ್ಲ. ಕೊನೆಯಲ್ಲಿ ನಿಂತಿದ್ದ ಒಂದು ಬೆನ್ನು ಮಾತ್ರ, ಇಸ್ತ್ರಿಯ ಗೆರೆಯೂ ಮುರಿಯದೆ, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.